ನಾನು ಹೋಗದ ನಮ್ಮ ಪ್ರವಾಸ

ಬೇರೆಯವರು ನೋಡಿಬಂದ ಊರಿನ ಕಥೆ ಕೇಳುವುದೆಂದರೆ ಬೇರೆಯವರು ಉಂಡ ಮದುವೆ ಊಟದ ವರ್ಣನೆಯನ್ನು ಹಸಿದ ಹೊಟ್ಟೆಯಲ್ಲಿ ಕೇಳಿದ ಹಾಗೆ. ಮೊದಲ ಸಲ ಬಾಯಲ್ಲಿ ನೀರೂರುತ್ತದೆ, ಎರಡನೆಯ ಸಲ ಆಕಳಿಕೆ ಬರುತ್ತದೆ, ಮೂರನೆಯ ಸಲ ಹೇಳುವವನ ಮೇಲೆ ಕೈ ಮಾಡುವಷ್ಟು ಸಿಟ್ಟು ಬರುತ್ತದೆ. ಸಾಮಾನ್ಯ ಮನುಷ್ಯರ ಅನುಭವ ಇದು. ನನ್ನ ಪಾಡು ಬೇರೆ. ನನ್ನ ಇಬ್ಬರು ಸ್ನೇಹಿತರು ಯುರೋಪಿನಲ್ಲಿ ಒಂದು ಭಾನುವಾರ ಕಾರಿನಲ್ಲಿ ಕೂತು ಮೂರು ದೇಶ ಸುತ್ತಿ ಬಂದ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಅವರಿಗೆ ಮರೆತುಹೋದ ಕಡೆ ನಾನೇ ಎತ್ತಿಕೊಡುತ್ತೇನೆ. ಇನ್ನೂ ಹೇಳಲಿ ಎಂದು ಕಾಯುತ್ತೇನೆ. ಒಂದೆರಡು ದಿನ ಅವರು ಆ ಸುದ್ದಿಯನ್ನೇ ಎತ್ತದಿದ್ದರೆ ನಾನಾಗಿಯೇ ಕೆದಕುತ್ತೇನೆ. ಹಾಗಂತ ನಾನು ದೇಶ ಸುತ್ತಿದವನೇನಲ್ಲ. ಈ ಕಡೆ ಜೋಲಾರಪೇಟೆ, ಆ ಕಡೆ ಬೆಂಗಳೂರು, ಇವೆರಡರ ನಡುವೆಯೇ ನನ್ನ ಭೂಗೋಳ ಮುಗಿದುಹೋಗುತ್ತದೆ.

ಬಂಗಾರಪೇಟೆಯ ಹತ್ತಿರದ ಚಿನ್ನದ ಗಣಿಯಲ್ಲಿ, ನಂದಿದುರ್ಗ ಎಂಬ ಮೈನಿನ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುವ ಕೆಲಸ ನನ್ನದು. ಗಣಿಯಲ್ಲಿ ಇಂಥವರನ್ನು ರೈಟರ್ ಅನ್ನುತ್ತಾರೆ. ಈ ಹೆಸರು ಕೇಳಿ ಬಂಗಾರಪೇಟೆಯಲ್ಲಿ ಕೆಲವರು ನಾನು ಕಾದಂಬರಿ ಬರೆಯುವವನೆಂದು ತಿಳಿದು ನಮಸ್ಕಾರ ಮಾಡುತ್ತಿದ್ದರು. ಯಾರು ಬಂದರು, ಯಾರು ಬರಲಿಲ್ಲ ಎಂಬಷ್ಟನ್ನೇ ನಾನು ಬರೆಯುವುದು ಎಂದು ಗೊತ್ತಾದ ಮೇಲೆ ನಮಸ್ಕಾರ ನಿಲ್ಲಿಸಿದರು. ಗಣಿಯಲ್ಲಿ ನನಗೆ ಇದ್ದವರು ಇಬ್ಬರೇ ಸ್ನೇಹಿತರು. ಒಬ್ಬ ಮುನಿವೆಂಕಟಪ್ಪ. ಬಂಗಾರಪೇಟೆಯ ಪಕ್ಕದ ಹಳ್ಳಿಯವನು, ಹಸು ಎಮ್ಮೆ ಕಟ್ಟಿದ ಮನೆಯಿಂದ ಬಂದವನು, ಸ್ಕೂಲಿನಲ್ಲಿ ನನ್ನ ಬೆಂಚಿನಲ್ಲೇ ಕೂತು ನನ್ನ ಸ್ಲೇಟು ನೋಡಿಯೇ ಪಾಸಾದವನು. ಇನ್ನೊಬ್ಬ ಏಳುಮಲೈ. ಚಾಂಪಿಯನ್ ರೀಫ್ಸ್ ಗಣಿಯ ಕೆಲಸಗಾರರ ಲೈನ್ ಮನೆಯಲ್ಲಿ ಹುಟ್ಟಿದವನು. ಅವನ ಅಪ್ಪನೂ ಗಣಿ, ತಾತನೂ ಗಣಿ. ನನ್ನ ಸ್ನೇಹಿತರಿಬ್ಬರೂ ಫಿಟ್ಟರುಗಳು; ಕೆಳಗೆ ಯಂತ್ರ ಕೆಟ್ಟರೆ ಇಳಿದು ರಿಪೇರಿ ಮಾಡುವವರು. ಶಿಫ್ಟ್ ಮುಗಿದ ಮೇಲೆ ಮೂವರೂ ನಾಯರ್ ಟೀ ಅಂಗಡಿಯಲ್ಲಿ ಕೂತು, ಎರಡು ಟೀ ತರಿಸಿ, ಮೂರು ಗ್ಲಾಸಿಗೆ ಹಂಚಿಕೊಂಡು ಕುಡಿಯುತ್ತಿದ್ದೆವು. ನಮ್ಮ ಒಂದೊಂದು ವಾಕ್ಯವೂ ಕನ್ನಡದಲ್ಲಿ ಹೊರಟು, ತೆಲುಗಿನಲ್ಲಿ ಬಳಸಿ, ತಮಿಳಿನಲ್ಲಿ ಹೋಗಿ ಕೂರುತ್ತಿತ್ತು. ಗಣಿಯ ಕಡೆ ಎಲ್ಲರ ಮಾತೂ ಹೀಗೆಯೇ ಆದ್ದರಿಂದ ನಮಗೆ ಅದರಲ್ಲಿ ಏನೂ ವಿಶೇಷ ಕಾಣುತ್ತಿರಲಿಲ್ಲ.

ಹೀಗಿರುವಾಗ ಗಣಿಗೆ ಜರ್ಮನಿಯಿಂದ ಹೊಸ ಯಂತ್ರವೊಂದು ಬರುವುದೆಂದೂ, ಅದನ್ನು ನೋಡಿ ಕಲಿತು ಬರಲು ಇಬ್ಬರು ಫಿಟ್ಟರುಗಳನ್ನು ಅಲ್ಲಿನ ಕಾರ್ಖಾನೆಗೆ ಕೆಲವು ತಿಂಗಳ ಮಟ್ಟಿಗೆ ಕಳಿಸುವುದೆಂದೂ ಆಯಿತು. ಆ ಇಬ್ಬರು ನನ್ನ ಇಬ್ಬರೇ ಆಗಬೇಕೆ! ನನ್ನನ್ನು ಕಳಿಸಲಿಲ್ಲ ಎಂದು ನಾನು ಯಾರ ಮೇಲೂ ಸಿಟ್ಟಾಗುವ ಹಾಗಿರಲಿಲ್ಲ. ಹಾಜರಿ ಬರೆಯುವುದನ್ನು ಕಲಿಸಲು ಯಾವ ದೇಶ ಯಾರನ್ನು ಕರೆಸಿಕೊಂಡೀತು? ಬಂಗಾರಪೇಟೆ ಸ್ಟೇಷನ್ನಿನಲ್ಲಿ ಹಾರ ಹಾಕಿ ಕಳಿಸಿಕೊಟ್ಟೆವು. ಮುನಿವೆಂಕಟಪ್ಪನ ಅವ್ವ ಪ್ಲಾಟ್‌ಫಾರಂ ಮೇಲಿದ್ದವರಿಗೆಲ್ಲ, “ನನ್ ಮಗ ಸೀಮೆಗೆ ಓಗ್ತಾವ್ನೆ, ಸೀಮೆಎಣ್ಣೆ ಬತ್ತದಲ್ಲಾ, ಆ ಊರ್ಗೆ” ಎಂದು ಹೇಳುತ್ತಿದ್ದಳು. ರೈಲು ಹೋಯಿತು. ಮಾರನೆಯ ದಿನ ಶಿಫ್ಟ್ ಮುಗಿದ ಮೇಲೆ ಅಭ್ಯಾಸಬಲದಿಂದ ನಾಯರ್ ಅಂಗಡಿಗೆ ಹೋದೆ. ಮೂವರಿದ್ದರೆ ಎರಡು ಟೀ ಹಂಚಬಹುದು; ಒಬ್ಬನೇ ಇದ್ದರೆ ಒಂದು ಪೂರ್ತಿ ಟೀಯನ್ನು ಕುಡಿಯಲೇಬೇಕು. ಅಷ್ಟು ಟೀ ನನ್ನ ಹೊಟ್ಟೆಗೆ ರೂಢಿಯಿರಲಿಲ್ಲ. ನಾಯರ್ ದಿನವೂ “ಇವತ್ತೂ ಒಬ್ರೇನಾ?” ಎಂದು ಕೇಳುತ್ತಿದ್ದ. ಅವನು ವ್ಯಾಪಾರದ ದೃಷ್ಟಿಯಿಂದ ಕೇಳುತ್ತಿದ್ದನೋ ಕನಿಕರದಿಂದಲೋ ತಿಳಿಯದು, ನನಗಂತೂ ಆ ಮಾತು ಚುಚ್ಚುತ್ತಿತ್ತು. ಮನೆಗೆ ಬಂದರೆ ನಾನು ಮತ್ತು ನನ್ನ ಸೋದರತ್ತೆ. ನನಗೆ ಮದುವೆಯಾಗಿಲ್ಲ, ಅತ್ತೆಗೆ ಕಿವಿ ಕೇಳಿಸುವುದಿಲ್ಲ. ಆ ತಿಂಗಳುಗಳಲ್ಲಿ ನನಗೆ ಬಹಳ ಬೇಸರವಾಯಿತು. ಹೇಳಿಕೊಳ್ಳಲು ಯಾರೂ ಇಲ್ಲದಿದ್ದುದರಿಂದ ಆ ಬೇಸರ ಇನ್ನಷ್ಟು ಉಬ್ಬಿಕೊಂಡಿತು.

ಕೊನೆಗೂ ಇಬ್ಬರೂ ಬಂದರು, ಸ್ವಲ್ಪ ಬಿಳುಪಾಗಿ, ಸ್ವಲ್ಪ ದಪ್ಪಗಾಗಿ, ಒಂದೇ ಥರದ ಎರಡು ಕೋಟುಗಳಲ್ಲಿ. ಅಷ್ಟು ದಿನ ಇದ್ದು ಬಂದವರು ಕಾರ್ಖಾನೆಯ ವಿಷಯ ಹೇಳಲಿಲ್ಲ, ಯಂತ್ರದ ವಿಷಯ ಹೇಳಲಿಲ್ಲ, ಹಿಮದ ವಿಷಯವನ್ನೂ “ಬಿತ್ತು” ಎಂದು ಮುಗಿಸಿದರು. ಹೇಳಿದ್ದೆಲ್ಲ ಆ ಒಂದು ಭಾನುವಾರದ್ದೇ. ಕಾರ್ಖಾನೆಯಲ್ಲಿ ಹಾನ್ಸ್ ಎಂಬ ಒಬ್ಬ ಜರ್ಮನ್ ಫಿಟ್ಟರನ ಪರಿಚಯವಾಗಿತ್ತಂತೆ. ಮುನಿವೆಂಕಟಪ್ಪ ಅವನನ್ನು ಆನ್ಸಣ್ಣ ಎಂದು ಕರೆಯುತ್ತಿದ್ದ. ಆನ್ಸಣ್ಣನ ಹತ್ತಿರ ಒಂದು ಹಳೆಯ ಸಣ್ಣ ಕಾರಿತ್ತು. ಬೆಳಿಗ್ಗೆ ಜರ್ಮನಿಯಲ್ಲಿ ತಿಂಡಿ, ಮಧ್ಯಾಹ್ನ ಬೆಲ್ಜಿಯಂನಲ್ಲಿ ಊಟ, ಸಾಯಂಕಾಲ ಹಾಲೆಂಡಿನಲ್ಲಿ ಕಾಫಿ, ಮತ್ತೆ ಜರ್ಮನಿಗೆ ವಾಪಸ್ಸು ಎಂದು ಅವನೇ ಏರ್ಪಾಡು ಮಾಡಿದ. ಅಲ್ಲಿನ ಕಾರುಗಳಲ್ಲಿ ಡ್ರೈವರು ಎಡಗಡೆ ಕೂರುತ್ತಾನೆ. ನಮ್ಮ ಕಡೆ ಡ್ರೈವರು ಕೂರುವ ಜಾಗದಲ್ಲಿ ಏಳುಮಲೈ ಕೂತಿದ್ದ. ಎದುರಿನಿಂದ ಲಾರಿ ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ತುಳಿದು ತುಳಿದು, ಸಂಜೆಯ ಹೊತ್ತಿಗೆ ಅವನ ಬಲಗಾಲು ಊದಿಕೊಂಡಿತ್ತು. ಮುನಿವೆಂಕಟಪ್ಪ ಹಿಂದಿನ ಸೀಟಿನಲ್ಲಿದ್ದ. ಅವನ ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು. ಇದನ್ನು ಅವರು ಹೇಳಿದ್ದಲ್ಲ, ನಾನು ಕೇಳಿ ತಿಳಿದುಕೊಂಡದ್ದು.

ದೇಶದ ಗಡಿಯೆಂದರೆ ದೊಡ್ಡ ಕೋಟೆ, ಕಂದಕ ಇರುತ್ತದೆಂದು ಏಳುಮಲೈ ನಂಬಿದ್ದ. ನೋಡಿದರೆ ಬಂಗಾರಪೇಟೆಯ ರೈಲ್ವೆ ಗೇಟಿನಂಥ ಒಂದು ಅಡ್ಡಮರ, ಪಕ್ಕದಲ್ಲಿ ಒಂದು ಸಣ್ಣ ಮನೆ. ಕಾರು ನಿಂತಿತು. ಟೋಪಿ ಹಾಕಿದ ಗಡಿ ಪೊಲೀಸಿನವನೊಬ್ಬ ಗಂಭೀರವಾಗಿ ಇವರ ಕಡೆ ನಡೆದು ಬಂದ. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಗಣಿಯಲ್ಲಿ ಕೆಳಗಿನಿಂದ ಮೇಲೆ ಬಂದವರನ್ನು ಗೇಟಿನಲ್ಲಿ ತಪಾಸಣೆ ಮಾಡುವುದು ಪದ್ಧತಿ. ಚಿನ್ನ ತಾನೆ! ಕೈ ಮೇಲೆತ್ತಬೇಕು, ಕಾಲು ಅಗಲಿಸಬೇಕು, ತಲೆಗೂದಲು ಕೆದರಿ ತೋರಿಸಬೇಕು, ಕಡೆಗೆ ಬಾಯಿ ತೆಗೆದು ನಾಲಿಗೆ ಮೇಲೆತ್ತಬೇಕು. ವರ್ಷಗಟ್ಟಲೆ ಮಾಡಿದ ಮೇಲೆ ಇದು ಬುದ್ಧಿಯನ್ನು ಕೇಳಿ ಮಾಡುವ ಕೆಲಸವಾಗಿ ಉಳಿಯುವುದಿಲ್ಲ. ಗೇಟು ಮತ್ತು ಟೋಪಿ ಒಟ್ಟಿಗೆ ಕಂಡರೆ ಸಾಕು, ಕೈ ತಾನಾಗಿ ಮೇಲೇಳುತ್ತದೆ. ನಮ್ಮವರಿಬ್ಬರೂ ಕಾರಿನಿಂದ ಇಳಿದು, ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತು, ಕೈ ಎತ್ತಿ, ಕಣ್ಣು ಮುಚ್ಚಿ, ಬಾಯಿ ತೆಗೆದರು. ಪಾಪ, ಅವನು ಪಾಸ್‌ಪೋರ್ಟ್ ಕೇಳಲು ಬಂದವನು. ಏನು ಮಾಡಬೇಕೆಂದು ತೋಚದೆ ಏಳುಮಲೈಯ ಬಾಯೊಳಕ್ಕೆ ಬಗ್ಗಿ ನೋಡಿ, ಆನ್ಸಣ್ಣನಿಗೆ ಏನೋ ಹೇಳಿದನಂತೆ. ಆನ್ಸಣ್ಣ ಅರ್ಥ ಬಿಡಿಸಿದ್ದು ಇಷ್ಟು: ಒಳಗಡೆ ಒಂದು ದವಡೆ ಹಲ್ಲು ಹುಳುಕಾಗಿದೆ, ಬೇಗ ಕೀಳಿಸುವುದು ಒಳ್ಳೆಯದು. ಎರಡನೆಯ ಗಡಿಯಲ್ಲಿ ಇಬ್ಬರೂ ಹಲ್ಲು ಕಚ್ಚಿಕೊಂಡು ಕೂತರೂ ಏಳುಮಲೈಯ ಬಾಯಿ ಅವನ ಮಾತು ಕೇಳಲಿಲ್ಲ. ಮೂರನೆಯ ಗಡಿಯಲ್ಲಿ ಆನ್ಸಣ್ಣನೇ ಮೊದಲು ಬಾಯಿ ತೆಗೆದನಂತೆ.

ದಾರಿಯಲ್ಲಿ ಒಂದು ಕಡೆ ಮುನಿವೆಂಕಟಪ್ಪ ಕಾರು ನಿಲ್ಲಿಸಲು ಹೇಳಿ ಬೇಲಿಯ ಹತ್ತಿರ ಹೋಗಿ, ಕೊಡದಂಥ ಕೆಚ್ಚಲಿನ ಒಂದು ಹಸುವನ್ನು ತೆಲುಗಿನಲ್ಲಿ ಕರೆದದ್ದೂ, ಹಸು ತಲೆಯೆತ್ತಿ ನೋಡಿ ಹತ್ತಿರಕ್ಕೆ ಬಂದದ್ದೂ ಕಥೆಯ ಇನ್ನೊಂದು ಘಟ್ಟ. “ಅಸೂಗೆ ಯಾವ ದೇಶ್ವಾದ್ರೇನ್ಲಾ, ಪ್ರೀತಿಯಿಂದ ಕರುದ್ರೆ ಬತ್ತದೆ” ಎನ್ನುತ್ತಾನೆ. ಆ ಹಸು ಬೆಲ್ಜಿಯಂನದೆಂದು ಅವನು, ಹಾಲೆಂಡಿನದೆಂದು ಏಳುಮಲೈ, ಇಬ್ಬರಿಗೂ ಜಗಳ. ಕೊನೆಗೆ ನಾನು ತೀರ್ಪು ಕೊಟ್ಟೆ: ಬೆಲ್ಜಿಯಂ ಬಿಡುವಾಗ ಗಡಿಯ ಪಕ್ಕದಲ್ಲೇ ಕರಿದ ಆಲೂಗಡ್ಡೆಯನ್ನು ಕಾಗದದ ಪೊಟ್ಟಣದಲ್ಲಿ ತಿಂದಿರಿ, ಹಸು ಬಂದಾಗ ಆ ಖಾಲಿ ಪೊಟ್ಟಣ ಮುನಿಯ ಜೇಬಿನಲ್ಲಿತ್ತು, ಹಸು ಅದನ್ನು ಮೂಸಿತು, ಆದ್ದರಿಂದ ಹಸು ಹಾಲೆಂಡಿನದು. ಇಬ್ಬರೂ ಒಪ್ಪಿಕೊಂಡು ನನ್ನ ಮುಖ ನೋಡಿದರು. ನನಗೆ ಒಂದು ಗಳಿಗೆ ಹೆಮ್ಮೆಯಾಯಿತು, ಆಮೇಲೆ ಆಗಲಿಲ್ಲ. ಲೆಕ್ಕ ಹಾಕಿ ನೋಡಿದ್ದೆ. ಅವರು ಹಸುವಿನ ಹತ್ತಿರ ನಿಂತಿದ್ದ ಆ ಭಾನುವಾರ ನಾನು ಬಂಗಾರಪೇಟೆ ಸ್ಟೇಷನ್ನಿಗೆ ಸುಮ್ಮನೆ ಹೋಗಿ, ಮೇಲ್ ರೈಲಿನಿಂದ ಇಳಿದವರನ್ನೆಲ್ಲ ನೋಡಿ, ಗುರುತಿನವರು ಯಾರೂ ಇಲ್ಲದೆ ಹಿಂದಿರುಗಿದ್ದೆ.

ನಿಜವಾದ ತೊಂದರೆ ಶುರುವಾದದ್ದು ನಗುವಿನಲ್ಲಿ. ನಾಯರ್ ಅಂಗಡಿಯಲ್ಲಿ ಏಳುಮಲೈ ಸುಮ್ಮನೆ ಬಾಯಿ ತೆಗೆದರೆ ಸಾಕು, ಮುನಿವೆಂಕಟಪ್ಪ ಟೀ ನೆತ್ತಿಗೇರುವಂತೆ ನಗುತ್ತಿದ್ದ. ನಾನೂ ನಗುತ್ತಿದ್ದೆ, ಆದರೆ ಅವರು ನಕ್ಕದ್ದನ್ನು ನೋಡಿ ನಗುತ್ತಿದ್ದುದರಿಂದ ನನ್ನ ನಗು ಸದಾ ಒಂದು ಹೆಜ್ಜೆ ಹಿಂದೆ. ಆಗ ನನ್ನ ಕಿವಿಗೆ ಒಂದು ಸಂಗತಿ ಬಿತ್ತು. ಹುಟ್ಟಿದಾಗಿನಿಂದ ಕೇಳುತ್ತಿದ್ದರೂ ಲಕ್ಷ್ಯವಿಟ್ಟಿರಲಿಲ್ಲ. ತಮಿಳಿನಲ್ಲಿ ‘ನಾವು’ ಎನ್ನಲು ಎರಡು ಮಾತುಗಳಿವೆ. ಕೇಳುತ್ತಿರುವವನನ್ನೂ ಸೇರಿಸಿಕೊಂಡರೆ ‘ನಾಮ’. ಅವನನ್ನು ಹೊರಗೆ ನಿಲ್ಲಿಸಿದರೆ ‘ನಾಂಗ’. ತೆಲುಗಿನಲ್ಲೂ ಅಷ್ಟೇ, ಸೇರಿಸಿಕೊಂಡರೆ ‘ಮನಮು’, ಬಿಟ್ಟರೆ ‘ಮೇಮು’. ಏಳುಮಲೈ ನನ್ನ ಕಡೆ ತಿರುಗಿ “ನಾಂಗ ಪೋನೋಂ ರೈಟ್ರೆ” ಎಂದಾಗಲೆಲ್ಲ, ನಾವು ಹೋದೆವು, ನೀನು ಬರಲಿಲ್ಲ ಎಂದು ಎರಡು ಸುದ್ದಿಯನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದ. ಅವನ ತಪ್ಪೇನೂ ಇಲ್ಲ, ವ್ಯಾಕರಣ ಹಾಗಿದೆ. ಮುನಿವೆಂಕಟಪ್ಪ ತೆಲುಗಿಗೆ ಹೊರಳಿ ‘ಮೇಮು’ ಎಂದರೂ ಅದೇ ಕಥೆ. ಕನ್ನಡದ ‘ನಾವು’ ಮಾತ್ರ ಬಾಗಿಲಿಲ್ಲದ ಛತ್ರ. ಅದರಲ್ಲಿ ಯಾರು ಬೇಕಾದರೂ ಹೊಕ್ಕು ಮೂಲೆಯಲ್ಲಿ ಚಾಪೆ ಹಾಸಿಕೊಳ್ಳಬಹುದು, ನೀನು ಯಾರು ಎಂದು ಕೇಳುವವರಿಲ್ಲ. “ನಾವು ಗಡಿ ದಾಟಿದ್ವಿ” ಎಂದು ಮುನಿ ಕನ್ನಡದಲ್ಲಿ ಹೇಳಿದಾಗ ನಾನು ಟೀ ಕುಡಿಯುತ್ತಲೇ ಹಿಂದಿನ ಸೀಟಿನ ಖಾಲಿ ಜಾಗದಲ್ಲಿ ಹೋಗಿ ಕೂತುಬಿಡುತ್ತಿದ್ದೆ.

ಅಂದಿನಿಂದ ಯಾರಾದರೂ ಆ ಕಥೆ ಎತ್ತಿದರೆ “ಕನ್ನಡದಲ್ಲಿ ಹೇಳ್ರಯ್ಯಾ” ಎಂದು ಪಟ್ಟು ಹಿಡಿಯತೊಡಗಿದೆ. ಏಳುಮಲೈ ತಲೆ ಕೆರೆದುಕೊಂಡು, “ಇನ್ನಾ ರೈಟ್ರೆ, ನಿಮ್ಗೆ ತಮಿಳ್ ನನ್ಗಿಂತ ಜಾಸ್ತಿ ಬರ್ತದೆ, ಆಮೇಲೆ ಯಾಕೆ ಕನ್ನಡ?” ಎಂದ. “ನಾಡಿನಲ್ಲಿದ್ದ ಮೇಲೆ ನಾಡಭಾಷೆ” ಎಂದು ಏನೋ ಒದರಿದೆ. ಅವನು ಒಳ್ಳೆಯವನು, ಕಷ್ಟಪಟ್ಟು ಕನ್ನಡದಲ್ಲೇ ಹೇಳತೊಡಗಿದ. ಸುದ್ದಿ ಹಬ್ಬಿತು. ಹೊಸದಾಗಿ ಒಂದಾದ ಕನ್ನಡ ನಾಡಿನ ಹುಮ್ಮಸ್ಸು ಇನ್ನೂ ಆರಿರದ ಕಾಲ. ಬಂಗಾರಪೇಟೆಯ ಕನ್ನಡ ಸಂಘದವರು ಒಂದು ದಿನ ಮನೆಗೆ ಬಂದು, ತಮಿಳಿನ ಸಮುದ್ರದಲ್ಲಿ ನಿಂತು ಕನ್ನಡಕ್ಕಾಗಿ ಹೋರಾಡುತ್ತಿರುವ ವೀರ ಎಂದು ನನ್ನನ್ನು ಹೊಗಳಿ ಕಾರ್ಯದರ್ಶಿ ಮಾಡಿಬಿಟ್ಟರು. ಒಬ್ಬ ಒಂಟಿ ಮನುಷ್ಯ ಒಂದು ಸರ್ವನಾಮಕ್ಕೆ ಜೋತುಬಿದ್ದದ್ದು ನಾಡಸೇವೆಯಾಗಿ ಪರಿಣಮಿಸಿದ್ದು ಹೀಗೆ.

ಆ ಸಂಘವೇ ಮುಂದೆ ನನ್ನನ್ನು ಸಿಕ್ಕಿಸಿತು. ಅದಕ್ಕೆ ಕಾರಣ ನನ್ನ ಅತ್ತೆ. ದಿನವೂ ಊಟದ ಹೊತ್ತಿನಲ್ಲಿ ನಾನು ಕೇಳಿಬಂದ ಕಥೆಯನ್ನು ಅವಳಿಗೆ ಹೇಳುತ್ತಿದ್ದೆ, ಯಾರಿಗಾದರೂ ಹೇಳಬೇಕಲ್ಲ. ಅವಳಿಗೆ ಕೇಳಿಸಬೇಕಾದರೆ ಕೂಗಿಯೇ ಹೇಳಬೇಕು. “ನಾವು ಬೆಲ್ಜಿಯಂ ದಾಟಿದ್ವಿ ಅತ್ತೇ!” ಎಂದು ನಾನು ಅರಚಿದರೆ ಅವಳು, “ಬೇಲಿ ದಾಟಿದ್ರಾ? ಯಾರ್ದೋ ಬೇಲಿ, ಯಾಕಪ್ಪಾ ದಾಟೋದು?” ಎಂದು ಬೈಯುತ್ತಿದ್ದಳು. ಅವಳಿಗೆ ತಲುಪದ ಮಾತು ಗೋಡೆ ದಾಟಿ ಅಕ್ಕಪಕ್ಕದ ಮನೆಗಳಿಗೆಲ್ಲ ತಲುಪಿತು. ಟೈಮ್ ಆಫೀಸಿನ ಸೀನಪ್ಪನವರೂ, ಅಂದರೆ ನಾನೂ, ಸೀಮೆಗೆ ಹೋಗಿಬಂದಿದ್ದಾರೆ, ಸಂಕೋಚದ ಸ್ವಭಾವ, ಹೇಳಿಕೊಳ್ಳುವುದಿಲ್ಲ ಎಂದು ಬೀದಿಯಲ್ಲಿ ಪ್ರಚಾರವಾಯಿತು. ಯುರೋಪ್ ಪ್ರವಾಸದ ಬಗ್ಗೆ ಮಾತಾಡಬೇಕು ಎಂದು ಸಂಘದ ಅಧ್ಯಕ್ಷರಾದ ಬೆಲ್ಲದ ಮಂಡಿಯ ಸಾಹುಕಾರರು ಹೇಳಿಕಳಿಸಿದರು. ಹೋದವನು ನಾನಲ್ಲ, ನನ್ನ ಸ್ನೇಹಿತರು ಎಂದೆ. “ಅವರನ್ನೂ ಕರ್ಕೊಂಡು ಬನ್ನಿ” ಎಂದರು. ಆ ‘ಅವರನ್ನೂ’ ಎಂಬ ಮಾತನ್ನು ನಾನು ಅಲ್ಲೇ ತಿದ್ದಬೇಕಾಗಿತ್ತು.

ಸ್ಕೂಲಿನ ಹಾಲಿನಲ್ಲಿ ಸಂಜೆ ಸಭೆ. ಬೆಂಚುಗಳೆಲ್ಲ ತುಂಬಿದ್ದವು. ಮೊದಲ ಬೆಂಚಿನಲ್ಲಿ ಅದೇ ಕೋಟುಗಳಲ್ಲಿ ನನ್ನ ಸ್ನೇಹಿತರು. ಮುನಿವೆಂಕಟಪ್ಪ ಮಾತಾಡುವುದೆಂದು ಗೊತ್ತಾಗಿತ್ತು. ಮೈಕನ್ನು ಕಂಡದ್ದೇ ಅವನು ನನ್ನ ತೋಳು ಹಿಡಿದುಕೊಂಡ. “ಲೇ ಸೀನಾ, ನನ್ ಕೈಲಾಗಲ್ಲ ಕಣ್ಲಾ. ನಿಂಗೆಲ್ಲಾ ಗೊತ್ತಲ್ಲಾ, ನೀನೇ ಯೋಳ್ಬುಡು.” ಏಳುಮಲೈ ಕೈ ಮುಗಿದು, “ನನ್ ಕನ್ನಡ ಟೀ ಅಂಗ್ಡೀಗೆ ಸರಿ, ಮೈಕ್‌ಗೆ ಆಗಲ್ಲ ರೈಟ್ರೆ” ಎಂದ. ಹೀಗೆ ನಾನು ಎದ್ದು ನಿಂತೆ. ಪ್ರಾಮಾಣಿಕವಾಗಿ ‘ಇವರಿಬ್ಬರು’ ಎಂದೇ ಪ್ರಾರಂಭಿಸಿದೆ. ಕಾರು ಹೊರಟಿತು. ಸ್ವಲ್ಪ ದೂರ ಹೋಗುವುದರೊಳಗೆ ‘ಇವರು’ ಹೋಗಿ ‘ನಾವು’ ಬಂದಿತ್ತು. ಜನ ನಗುತ್ತಿದ್ದರು, ಕಾರಿಗೆ ವೇಗ ಬಂತು. ಗಡಿ ಬಂತು, ಗೇಟು ಬಂತು, ಬಾಯಿ ತೆರೆದದ್ದಾಯಿತು, ಸ್ಕೂಲಿನ ಸೂರು ಬಿದ್ದುಹೋಗುವಂತೆ ಚಪ್ಪಾಳೆ. ಆ ಭರದಲ್ಲಿ, “ನಾನು ಹಿಂದಿನ ಸೀಟಿನ ಕಿಟಕಿಯ ಗಾಜು ಇಳಿಸಿ ನೋಡಿದೆ, ಗಾಳಿ ಐಸಿನ ಹಾಗೆ ಕೊರೆಯುತ್ತಿತ್ತು” ಎಂದುಬಿಟ್ಟೆ. ‘ನಾವು’ ಎಂದಿದ್ದರೆ ಕನ್ನಡ ನನ್ನನ್ನು ಕಾಪಾಡುತ್ತಿತ್ತು. ‘ನಾನು’ ಎಂದವನನ್ನು ಯಾವ ಭಾಷೆಯೂ ಕಾಪಾಡುವುದಿಲ್ಲ. ಇಷ್ಟು ವರ್ಷ ಹಾಜರಿ ಬರೆದವನು ಬಾರದವನಿಗೆ ಹಾಜರಿ ಹಾಕಿದ್ದು ಅದೇ ಮೊದಲು.

ಮೊದಲ ಬೆಂಚಿನ ಕಡೆ ನೋಡಿದೆ. ಇಬ್ಬರೂ ನಗುವುದನ್ನು ನಿಲ್ಲಿಸಿದ್ದರು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಮೇಷ್ಟ್ರು ಎದ್ದು, “ಸಾರ್, ನೀವೂ ಬಾಯಿ ತೆರೆದಿರಾ?” ಎಂದು ಕೇಳಿದರು. ಹೌದೆಂದರೆ ನನ್ನ ಸ್ನೇಹಿತರ ಒಂದೇ ಒಂದು ದಿನವನ್ನು ಎಲ್ಲರೆದುರು ಕದ್ದ ಹಾಗೆ. ಇಲ್ಲವೆಂದರೆ ಆ ಕಾರಿನಿಂದ ಎಲ್ಲರೆದುರು ಇಳಿಯಬೇಕು. ಆ ಕಾರು ಬಿಟ್ಟರೆ ನನಗೆ ಹೋಗಲು ಬೇರೆ ಕಡೆ ಇರಲಿಲ್ಲ. ನಾನು ಬಾಯಿ ತೆರೆದುಕೊಂಡು ನಿಂತಿದ್ದನ್ನು ಕಂಡು ಮುನಿವೆಂಕಟಪ್ಪ ಎದ್ದು ನಿಂತು ಕೂಗಿದ: “ತೆಗ್ದ ಕಣ್ರೀ, ನಮ್ ಇಬ್ರಿಗಿಂತ ದೊಡ್ಡದಾಗೇ ತೆಗ್ದ! ನೋಡಿ, ಇನ್ನೂ ಮುಚ್ಚಿಲ್ಲ!” ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನನ್ನು ಉಳಿಸಿದನೋ ಹಂಗಿಸಿದನೋ ತಿಳಿಯಲಿಲ್ಲ. ಸಾಹುಕಾರರು ವಂದನಾರ್ಪಣೆಯಲ್ಲಿ ‘ಮೂವರು ಪ್ರವಾಸಿಗಳಿಗೆ’ ಎಂದು ಮೂರು ನಿಂಬೆಹಣ್ಣು ಕೊಟ್ಟರು.

ಗಣಿಯ ಕಡೆ ಹೋಗುವ ಮಾರಿಕುಪ್ಪಂ ರಾತ್ರಿ ರೈಲಿಗೆ ಏಳುಮಲೈಯನ್ನು ಹತ್ತಿಸಲು ಮೂವರೂ ಸ್ಟೇಷನ್ನಿಗೆ ನಡೆದೆವು. ಪ್ಲಾಟ್‌ಫಾರಂ ಮೇಲೆ ನಾನೇ ಬಾಯಿಬಿಟ್ಟೆ. “ಬೇಜಾರು ಮಾಡ್ಕೋಬೇಡ್ರಪ್ಪಾ, ಬಾಯಿ ತಪ್ಪಿ ಬಂತು.” ಮುನಿವೆಂಕಟಪ್ಪ ನನ್ನ ಕಡೆ ತಿರುಗಿ, “ಬೇಜಾರು ಅದಕ್ಕಲ್ಲ ಕಣ್ಲಾ. ಆ ಸೀಟಿನ ಮ್ಯಾಲೆ ನಾನು ಕಾಲು ನೀಡ್ಕೊಂಡು ಮನಗಿದ್ದೆ. ನೀನು ಬಂದು ಕುಂತ್ಕೊಂಡ್ಯಲ್ಲಾ, ಈಗ ಕಾಲು ಎಲ್ಲಿಕ್ಲಿ?” ಎಂದ. ನನಗೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಏಳುಮಲೈ ಮಾತ್ರ ನಗಲಿಲ್ಲ. ರೈಲಿನಲ್ಲಿ ಕೂತು, ಅದು ಹೊರಡುವ ಹೊತ್ತಿಗೆ ಕಿಟಕಿಯಿಂದ ಕೈ ಚಾಚಿ ನನ್ನ ಭುಜ ಮುಟ್ಟಿ, ತನಗೆ ಸಲೀಸಾದ ಭಾಷೆಯಲ್ಲಿ ಹೇಳಿದ: “ರೈಟ್ರೆ, ಅಡುತ್ತ ತಡವೆ ನಾಮ ಪೋಲಾಂ.” ಮುಂದಿನ ಸಲ ನಾವು ಹೋಗೋಣ ಎಂದು. ‘ನಾಂಗ’ ಅನ್ನಲಿಲ್ಲ.

ಯಂತ್ರ ಬಂದು ಕೂತು ಕೆಲಸ ಮಾಡುತ್ತಿದೆ, ಇನ್ನು ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ. ಏಳುಮಲೈ ಇನ್ನು ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟು ಮಗಳ ಊರಿಗೆ ಹೊರಡುವವನು. ಇದು ಅವನಿಗೂ ಗೊತ್ತು, ನನಗೂ ಗೊತ್ತು. ರೈಲು ಹೋಯಿತು, ಮುನಿ ಸೈಕಲ್ ಹತ್ತಿ ಹಳ್ಳಿಯ ಕಡೆ ಹೋದ, ಪ್ಲಾಟ್‌ಫಾರಂ ಮೇಲೆ ನಾನೊಬ್ಬನೇ ಉಳಿದೆ. ಆ ಮಾತನ್ನು ಕನ್ನಡದಲ್ಲಿ ಹೇಳು ಎಂದು ಮಾತ್ರ ನಾನು ಏಳುಮಲೈಯನ್ನು ಕೇಳಿರಲಿಲ್ಲ. ಕನ್ನಡದಲ್ಲಿ ನಾಮ ಎಂದರೆ ಏನೆಂದು ಕನ್ನಡ ಸಂಘದ ಕಾರ್ಯದರ್ಶಿಗೆ ಚೆನ್ನಾಗಿಯೇ ಗೊತ್ತು. ಗೊತ್ತಿದ್ದೂ ಹಣೆ ತುಂಬ ಹಾಕಿಸಿಕೊಂಡು, ಸಂತೋಷವಾಗಿ ಮನೆಗೆ ಬಂದೆ.